ಎಡಕ್ಕೆ ವಾಲಿದ ಚುಕ್ಕಿ

ಬೇರೆಯವರ ಅಂಗಿಯ ಕಿಸೆಯಲ್ಲಿ ಪೆನ್ನು ಇರುತ್ತದೆ. ಶರಣಪ್ಪ ಕಾಕಾ ಅವರ ಕಿಸೆಯಲ್ಲಿ ಒಂದು ಬೋಲ್ಟ್ ಇರುತ್ತಿತ್ತು. ಹೆಬ್ಬೆರಳಿನಷ್ಟು ಉದ್ದದ, ತಲೆಯ ಮೂಲೆಗಳು ಸ್ವಲ್ಪವೂ ಸವೆಯದ, ಎಣ್ಣೆ ಬಟ್ಟೆಯಲ್ಲಿ ಒರೆಸಿ ಒರೆಸಿ ಕಪ್ಪಗೆ ಹೊಳೆಯುತ್ತಿದ್ದ ಬೋಲ್ಟ್. ಪುಣೆಯ ಭೋಸರಿಯಲ್ಲಿರುವ ನಮ್ಮ ಅಂಗಡಿಗೆ ಬಂದರೆ ನನಗೆ ನಮಸ್ಕಾರ ಹೇಳುವುದಕ್ಕೂ ಮೊದಲು ನಟ್ ತಿರುಗಿಸುವ ಪಾನಾಗಳ ಹೊಸ ಸೆಟ್ಟಿನಿಂದ ಹದಿಮೂರು ನಂಬರಿನ ಪಾನಾ ಎತ್ತಿಕೊಳ್ಳುವರು. ಅದರ ಬಾಯನ್ನು ಬೋಲ್ಟಿನ ತಲೆಗೆ ಕೂರಿಸಿ, ಕಣ್ಣು ಮುಚ್ಚಿ, ಆಚೀಚೆ ಅಲ್ಲಾಡಿಸುವರು. ಸಡಿಲ ಅನ್ನಿಸಿದರೆ ಸದ್ದಿಲ್ಲದೆ ಇದ್ದ ಜಾಗದಲ್ಲೇ ಇಟ್ಟು, "ಇದು ನಟ್ ತಿಂತದ್ರಿ ಅಕ್ಕಾರ. ಈ ಸೆಟ್ ತರಿಸಬ್ಯಾಡ್ರಿ," ಅನ್ನುವರು. ಒಂದು ಪಾನಾ ನೋಡಿ ಇಡೀ ಸೆಟ್ಟಿನ ಜಾತಕ ಹೇಳುತ್ತಿದ್ದ ಅವರ ತೀರ್ಪು ತಪ್ಪಿದ್ದನ್ನು ನಾನು ಕಂಡಿಲ್ಲ.

ನಾವು ಮೂಲತಃ ವಿಜಯಪುರದವರು. ಗ್ಯಾರೇಜಿಗೆ ಬೇಕಾಗುವ ಪಾನಾ, ಇಕ್ಕಳ, ಜ್ಯಾಕ್, ವೈಸ್ ಮಾರುವ ಈ ಅಂಗಡಿ ಅಪ್ಪ ಹಾಕಿದ್ದು. ಅವರ ಮೊಣಕಾಲು ಕೈಕೊಟ್ಟ ಮೇಲೆ ಗಲ್ಲಾದ ಮೇಲೆ ನಾನು ಕೂತೆ. ಬಂದ ಗಿರಾಕಿಗಳೆಲ್ಲ ನನ್ನ ತಲೆಯ ಮೇಲಿಂದ ಒಳಗೆ ಇಣುಕಿ "ಶೇಠ್ ಕುಠೇ ಆಹೇತ್?" ಎಂದು ಮಾಲೀಕರನ್ನು ಕೇಳುವರು. "ಮೀಚ್ ಶೇಠ್", ನಾನೇ ಮಾಲೀಕಳು, ಎಂದು ಹೇಳಿ ಹೇಳಿ ನನ್ನ ನಾಲಿಗೆ ಖಾರವಾಗಿ ಹೋಗಿತ್ತು. ಶರಣಪ್ಪ ಕಾಕಾ ಒಬ್ಬರು ಹಾಗೆ ಕೇಳಲಿಲ್ಲ. ಮೊದಲ ದಿನವೇ ನನ್ನನ್ನು ನೋಡಿ, "ಗಲ್ಲಾದ ಮ್ಯಾಲ ಕೂತವ್ರಿಗಿ ಮಾಲ್ ಗೊತ್ತಿರಬೇಕ್ರಿ. ಕೆಳಗ ಇಳೀರಿ ಅಕ್ಕಾರ, ಹಿಡಿದು ನೋಡ್ರಿ," ಎಂದು ಬೋಲ್ಟನ್ನು ನನ್ನ ಅಂಗೈಗೆ ಹಾಕಿದ್ದರು. ಈ ವ್ಯಾಪಾರದ ಬಗ್ಗೆ ನನಗೆ ಗೊತ್ತಿರುವುದರಲ್ಲಿ ಮುಕ್ಕಾಲು ಭಾಗ ಅವರು ಕಲಿಸಿದ್ದು. ಉಳಿದ ಕಾಲು ಭಾಗವನ್ನು ನಾನು ಅವರಿಗೆ ಮೋಸ ಮಾಡಿ ಕಲಿತೆ. ಅದನ್ನು ಹೇಳದೆ ಅವರ ಬಗ್ಗೆ ಬರೆಯುವ ಹಕ್ಕು ನನಗಿಲ್ಲ.

ಅವರು ಯಾದಗಿರಿ ಕಡೆಯವರು. ಹೆಂಡತಿಯೊಂದಿಗೆ ಪುಣೆಗೆ ಬಂದು ಕೊಂಢವಾದಲ್ಲಿ ಕಟ್ಟಡಗಳಿಗೆ ಬ್ಲಾಕ್ ಹೊತ್ತು, ಆಮೇಲೆ ಅಲ್ಲಿಯೇ ತಗಡಿನ ಗ್ಯಾರೇಜ್ ಮಾಡಿಕೊಂಡಿದ್ದರು. ಎಡಗೈಯವರು. ಕೆಲಸ ಮುಗಿದರೆ ಮೊದಲು ಸಾಮಾನು ತೊಳೆದು, ನಂತರ ಕೈ ತೊಳೆಯುವರು. ನಗುವುದು ಅಪರೂಪ. ಎರಡು ಬಸ್ಸು ಬದಲಿಸಿ ಊರಿನ ಈ ತುದಿಯಿಂದ ಆ ತುದಿಗೆ ಬರುವ ಬದಲು ಹತ್ತಿರದಲ್ಲೇ ಕೊಳ್ಳಬಾರದೇ ಎಂದು ಕೇಳಿದರೆ, "ಅಲ್ಲಿ ಡಬ್ಬಿ ಬಿಚ್ಚಲಿಕ್ಕಿ ಬಿಡಂಗಿಲ್ರಿ," ಅನ್ನುವರು.

ಅವರು ಅತ್ಯಂತ ಕಟ್ಟುನಿಟ್ಟಾಗಿದ್ದದ್ದು ಸ್ಟ್ಯಾಂಡಿನ ವಿಷಯದಲ್ಲಿ. ಜ್ಯಾಕ್ ಗಾಡಿಯನ್ನು ಮೇಲೆತ್ತುತ್ತದೆ. ಎತ್ತಿದ ಗಾಡಿಯನ್ನು ಹಿಡಿದು ನಿಲ್ಲಿಸುವುದು ಸ್ಟ್ಯಾಂಡ್. ನಾಲ್ಕು ಕಾಲಿನ ಕಬ್ಬಿಣದ ಪೀಠ, ನಡುವೆ ಹಲ್ಲುಗಳಿರುವ ಕಂಬ. ಅದರ ಭರವಸೆಯ ಮೇಲೆ ಮೆಕ್ಯಾನಿಕ್ ಗಾಡಿಯ ಕೆಳಗೆ ಮಲಗುತ್ತಾನೆ. ಹಲ್ಲು ಸರಿಯಾಗಿ ಕಚ್ಚದಿದ್ದರೆ ಅವನು ಏಳುವುದಿಲ್ಲ. "ಜ್ಯಾಕ್ ಎತ್ತಲಿಕ್ಕಿ ಅದ, ನಂಬಲಿಕ್ಕಿ ಅಲ್ಲ," ಎನ್ನುತ್ತಿದ್ದರು ಕಾಕಾ.

ಹೊಸ ಸ್ಟ್ಯಾಂಡುಗಳು ಬಂದಾಗ ನಾನು ಫೋನ್ ಮಾಡಬೇಕು, ಅವರು ಬರಬೇಕು. ಅಂಗಡಿಯ ಹಿಂದೆ ನಮ್ಮ ಹಳೆಯ ಟೆಂಪೊ ನಿಂತಿರುತ್ತಿತ್ತು. ಅದನ್ನು ಎತ್ತಿ, ಒಂದೊಂದು ಜೋಡಿಯ ಮೇಲೆ ನಿಧಾನವಾಗಿ ಇಳಿಸುವರು. ಕಂಬದ ಮೇಲೆ ಚಾಕ್‌ಪೀಸಿನಿಂದ ಗೆರೆ ಎಳೆದು, ಟೆಂಪೊದ ಪಕ್ಕಕ್ಕೆ ರಬ್ಬರಿನ ಸುತ್ತಿಗೆಯಿಂದ ಮೂರು ಪೆಟ್ಟು ಕೊಟ್ಟು, ಚಹಾ ಕುಡಿಯಲು ಕೂರುವರು. ಚಹಾ ಮುಗಿದ ಮೇಲೆ ಗೆರೆ ಅಲ್ಲೇ ಇದ್ದರೆ ಪಾಸು. ಆಗ ಚೀಲದಿಂದ ಕಬ್ಬಿಣದ ಮೇಲೆ ಗುರುತು ಕೊರೆಯುವ ಪಂಚ್ ತೆಗೆದು, ಸ್ಟ್ಯಾಂಡಿನ ಒಳಗಾಲಿನ ಮೇಲೆ ಒಂದು ಚುಕ್ಕಿ ಹೊಡೆಯುವರು. ಇಷ್ಟಕ್ಕೆಲ್ಲ ಅವರು ತೆಗೆದುಕೊಳ್ಳುತ್ತಿದ್ದದ್ದು ಆ ಚಹಾ ಮಾತ್ರ. ಭೋಸರಿಯಿಂದ ಕೊಂಢವಾದವರೆಗೆ ಗ್ಯಾರೇಜಿನವರು "ಚುಕ್ಕಿಯದು ಕೊಡಿ" ಎಂದೇ ಕೇಳುವಷ್ಟರ ಮಟ್ಟಿಗೆ ಆ ಚುಕ್ಕಿಗೆ ಹೆಸರು ಬಂತು. ಮೊಬೈಲಿನಲ್ಲಿ ಬೆಲೆ ತೋರಿಸಿ ಚೌಕಾಸಿ ಮಾಡುವವರೂ ಸ್ಟ್ಯಾಂಡಿನ ವಿಷಯಕ್ಕೆ ಬಂದರೆ ಸುಮ್ಮನಾಗುತ್ತಿದ್ದರು.

ಒಂದು ಸಲ ಮಗಳ ಮದುವೆಗೆಂದು ಕಾಕಾ ಊರಿಗೆ ಹೋದರು. ಅದೇ ವಾರ ಹತ್ತು ಜೋಡಿ ಸ್ಟ್ಯಾಂಡ್ ಬಂದವು. ಗಿರಾಕಿ ಮುಂದೆ ನಿಂತಿದ್ದಾನೆ, ಮಾಲು ಹಿಂದೆ ಬಿದ್ದಿದೆ, ಚುಕ್ಕಿ ಇಲ್ಲವೆಂದು ಕೊಳ್ಳದೆ ಹೋಗುತ್ತಾನೆ. ಮರುದಿನ ಇನ್ನೊಬ್ಬ ಬಂದು ಹಾಗೇ ಹೋದ. ನನಗೆ ರೇಗಿತು. ಅಂಗಡಿ ನಮ್ಮದೋ ಕಾಕಾ ಅವರದೋ ಅನ್ನಿಸಿತು. ಚುಕ್ಕಿ ಹೊಡೆಯುವುದೇನು ಮಹಾ ವಿದ್ಯೆ? ಅದೇ ಕಂಪನಿಯ ಮಾಲು, ಇಲ್ಲಿಯವರೆಗೆ ಬಂದದ್ದೆಲ್ಲ ಪಾಸಾಗಿತ್ತು. ಕಪಾಟಿನಿಂದ ಒಂದು ಪಂಚ್ ತೆಗೆದೆ, ಹಿಂದಿನ ಕೋಣೆಗೆ ಹೋದೆ, ಇಪ್ಪತ್ತು ಸ್ಟ್ಯಾಂಡಿಗೂ ಟಕಟಕನೆ ಚುಕ್ಕಿ ಹೊಡೆದೆ. ಹತ್ತು ನಿಮಿಷವೂ ಹಿಡಿಯಲಿಲ್ಲ.

ಮದುವೆ ಮುಗಿಸಿ ಮರಳಿದ ಕಾಕಾ ಒಂದು ಬೆಳಿಗ್ಗೆ ಹೆಗಲ ಮೇಲೆ ಗೋಣಿಚೀಲ ಹೊತ್ತು ಅಂಗಡಿಗೆ ಬಂದರು. ಪಾನಾ ಮುಟ್ಟಲಿಲ್ಲ. ಚೀಲದಿಂದ ಒಂದು ಜೋಡಿ ಸ್ಟ್ಯಾಂಡ್ ತೆಗೆದು ನನ್ನ ಮುಂದಿಟ್ಟರು. ಕೊಂಢವಾದಲ್ಲಿ ಅವರ ಪಕ್ಕದ ಗ್ಯಾರೇಜಿನವನು ನನ್ನಿಂದ ಕೊಂಡಿದ್ದು. ಅವನಿಗೆ ನೆರವಾಗಲು ಕಾಕಾ ಅದೇ ಸ್ಟ್ಯಾಂಡಿನ ಮೇಲಿದ್ದ ಗಾಡಿಯ ಕೆಳಗೆ ಮಲಗಿದಾಗ ಕಣ್ಣಿಗೆ ಬಿದ್ದಿತ್ತು.

"ಇದು ನಾ ಹೊಡ್ದಿದ್ದಲ್ರಿ," ಎಂದರು. "ನಂದು ಎಡಗೈ. ನನ್ನ ಚುಕ್ಕಿ ಎಡಕ್ಕ ವಾಲ್ತದ. ಇದು ನೆಟ್ಟಗ ಅದ."

ಸುಳ್ಳು ಹೇಳಲು ನನ್ನ ಬಾಯಿ ತೆರೆದಿತ್ತು. ಅವರ ಮುಖ ನೋಡಿ ಮುಚ್ಚಿದೆ.

"ಎಷ್ಟು ಹೊಡ್ದೀರಿ?"

"ಹತ್ತು ಜೋಡಿ, ಕಾಕಾ."

"ಎಷ್ಟು ಮಾರೀರಿ?"

"ಆರು."

ಅವರು ಬೈಯಲಿಲ್ಲ. ಬೈದಿದ್ದರೆ ನಾನೂ ನಾಲ್ಕು ಮಾತಾಡಿ ಹಗುರಾಗುತ್ತಿದ್ದೆ. "ಅವ್ರು ಚುಕ್ಕಿ ನೋಡಿ ಮಲಗ್ಯಾರ್ರಿ ಅಕ್ಕಾರ," ಎಂದಷ್ಟೇ ಹೇಳಿ ಅಂಗಡಿಯ ಹಿಂದೆ ಟೆಂಪೊದ ಹತ್ತಿರ ಹೋದರು. ಮಾರದೆ ಉಳಿದಿದ್ದ ನಾಲ್ಕು ಜೋಡಿಗಳನ್ನು ಒಂದೊಂದಾಗಿ ಪರೀಕ್ಷಿಸಿದರು. ಮೂರು ಜೋಡಿ ನಿಂತವು. ನಾಲ್ಕನೆಯದರಲ್ಲಿ ಸುತ್ತಿಗೆಯ ಎರಡನೆಯ ಪೆಟ್ಟಿಗೇ ಕಟ್ ಎಂದು ಸದ್ದಾಯಿತು, ಚಾಕಿನ ಗೆರೆ ಒಂದು ಹಲ್ಲು ಕೆಳಗಿಳಿಯಿತು. ಟೆಂಪೊ ಒಂದು ಕಡೆ ವಾಲಿ ನಿಂತಿತು.

ಆ ಮಧ್ಯಾಹ್ನವೇ ಅಂಗಡಿ ಮುಚ್ಚಿ ಇಬ್ಬರೂ ಹೊರಟೆವು. ಕಾಕಾ ಹೊತ್ತು ತಂದ ಜೋಡಿ ಬಿಟ್ಟರೆ, ಭೋಸರಿಯಲ್ಲಿ ಮೂರು ಗ್ಯಾರೇಜು, ಕೊಂಢವಾದಲ್ಲಿ ಇನ್ನೊಂದು. ಕಂಪನಿಯವರೇ ಮಾಲು ವಾಪಸ್ ಕೇಳಿದ್ದಾರೆ ಎಂದು ಹೇಳಿದರಾಯಿತು ಎಂಬುದು ನನ್ನ ಲೆಕ್ಕಾಚಾರ. ಮೊದಲ ಗ್ಯಾರೇಜಿನ ಬಾಗಿಲಲ್ಲಿ ಕಾಕಾ ನನ್ನನ್ನು ತಡೆದರು. "ಸುಳ್ಳು ಹೇಳಿ ಮಾರೀರಿ. ಸುಳ್ಳು ಹೇಳಿ ವಾಪಸ್ ತಗೋಬ್ಯಾಡ್ರಿ." ಹೀಗಾಗಿ ನಾಲ್ಕು ಕಡೆಯೂ, ಗ್ರೀಸು ಮೆತ್ತಿದ ಗಂಡಸರ ನಡುವೆ ನಿಂತು, ಚುಕ್ಕಿ ನಾನೇ ಹೊಡೆದದ್ದು ಎಂದು ಮರಾಠಿಯಲ್ಲಿ ಹೇಳಿದೆ. ಒಬ್ಬ ನಕ್ಕ. ಒಬ್ಬ ಸ್ಟ್ಯಾಂಡುಗಳನ್ನು ನನ್ನ ಕಾಲ ಬಳಿ ಒಗೆದು, ಇನ್ನು ಮುಂದೆ ನಿಮ್ಮ ಅಂಗಡಿಯ ಮೆಟ್ಟಿಲು ಹತ್ತುವುದಿಲ್ಲ ಎಂದ. ಅವನು ಇವತ್ತಿಗೂ ಬಂದಿಲ್ಲ. ಮರಳಿ ತಂದ ಐದು ಜೋಡಿಗಳಲ್ಲಿ ಇನ್ನೂ ಒಂದು ಕೆಟ್ಟದ್ದು ಸಿಕ್ಕಿತು. ನನ್ನ ಚುಕ್ಕಿಯ ಒಂಬತ್ತು ಜೋಡಿಗಳಲ್ಲಿ ಒಂದನ್ನೂ ಮತ್ತೆ ಮಾರಲಿಲ್ಲ.

ಕೊಂಢವಾದ ಗ್ಯಾರೇಜಿನಿಂದ ಹೊರಬಂದು ಒಂದು ಚಹಾದ ಟಪರಿಯಲ್ಲಿ ಕುಳಿತಿದ್ದೆವು. ಎದುರಿಗೆ ಒಂದು ಕಟ್ಟಡ ಏಳುತ್ತಿತ್ತು, ನಮ್ಮ ಕಡೆಯ ಹೆಂಗಸರು ಬೂದು ಬಣ್ಣದ ಹಗುರ ಬ್ಲಾಕುಗಳನ್ನು ತಲೆಯ ಮೇಲೆ ಹೊತ್ತು ಹತ್ತುತ್ತಿದ್ದರು. ಅದನ್ನು ನೋಡುತ್ತ ಕಾಕಾ ತಾವಾಗಿಯೇ ಮಾತು ತೆಗೆದರು.

"ನಾನೂ ಅದೇ ಹೊರ್ತಿದ್ದೆ. ನಮ್ಮ ಸೈಟಿನ ಗಾಡಿ ರಿಪೇರಿ ಮಾಡ್ಲಿಕ್ಕಿ ಇಮಾಮ ಉಸ್ತಾದ ಬರ್ತಿದ್ದ. ಭಾಳ ಛಲೋ ಮನಷ್ಯಾ. ಒಂದಿನ ಟೆಂಪೊ ಎತ್ತಿ, ಕೆಳಗ ಕೊಡಲಿಕ್ಕಿ ಏನರ ತಗೊಂಬಾ ಶರಣಪ್ಪ ಅಂದ. ನಾ ಓಡಿ ಹೋಗಿ ಬ್ಲಾಕ್ ತಂದಿಟ್ಟೆ. ಹತ್ತು ಅಂತಸ್ತು ಇದರ ಮ್ಯಾಲೇ ನಿಂತಾವ, ಒಂದು ಟೆಂಪೊ ನಿಲ್ಲಂಗಿಲ್ಲೇನು ಅಂದ್ಕೊಂಡೆ. ಉಸ್ತಾದ ಕೇಳ್ದ, ಗಟ್ಟಿ ಅದನೋ? ನಾ ಅಂದೆ, ಗಟ್ಟಿ ಅದ."

ಚಹಾದ ಗ್ಲಾಸನ್ನು ಕೆಳಗಿಟ್ಟರು.

"ಬ್ಲಾಕ್ ಹಿಟ್ಟಾತ್ರಿ ಅಕ್ಕಾರ. ಅವ ನನ್ನ ಮಾತು ಕೇಳಿ ಮಲಗಿದ್ದ."

ಆಗ ಕಾಕಾ ಅವರಿಗೆ ಮದುವೆಯಾಗಿ ಒಂದು ಮಗುವಿತ್ತಂತೆ. ಉಸ್ತಾದರ ಹೆಂಡತಿ ಯಾರ ಮೇಲೂ ದೂರು ಕೊಡಲಿಲ್ಲ. ನಲವತ್ತನೆಯ ದಿನದ ಊಟದ ನಂತರ ಗಂಡನ ಸಾಮಾನಿನ ಪೆಟ್ಟಿಗೆಯನ್ನು ಇವರ ಕೈಗಿತ್ತು, ಕೆಲಸ ಕಲಿ ಎಂದಳು. ಅವರು ಚುಕ್ಕಿ ಹೊಡೆಯುತ್ತಿದ್ದ ಪಂಚ್ ಅದೇ ಪೆಟ್ಟಿಗೆಯದು. ಇದನ್ನೆಲ್ಲ ಹೇಳಿ ಮುಗಿಸಿದ ಮೇಲೆ ಅವರು ನನ್ನ ಕಡೆ ನೋಡಲಿಲ್ಲ. ನಾನು ಅಳುತ್ತಿದ್ದೆ, ಹೆಂಗಸರು ಬ್ಲಾಕ್ ಹೊರುತ್ತಲೇ ಇದ್ದರು.

ಉಳಿದದ್ದು ಒಂದು ಜೋಡಿ. ಅದನ್ನು ಕೊಂಡವನು ಗ್ಯಾರೇಜಿನವನಲ್ಲ. ತನ್ನ ಕಾರನ್ನು ತಾನೇ ರಿಪೇರಿ ಮಾಡಿಕೊಳ್ಳುವ ಹುಚ್ಚಿನವನು, ಕನ್ನಡಕ, ಹಸಿರು ಹೆಲ್ಮೆಟ್. ಹೆಸರು ಬರೆದುಕೊಂಡಿರಲಿಲ್ಲ, ನಂಬರ್ ಕೇಳಿರಲಿಲ್ಲ. ಸ್ಕೂಟರಿಗೆ ಕಟ್ಟಿಕೊಳ್ಳುತ್ತ, ಕೋಥರೂಡದ ತನಕ ಹೋಗಬೇಕು, ಗಟ್ಟಿಯಾಗಿ ಕಟ್ಟಿ ಎಂದಿದ್ದ. ನನಗೆ ನೆನಪಿದ್ದದ್ದು ಅಷ್ಟೇ. ಕೋಥರೂಡದಲ್ಲಿರುವ ನನ್ನ ಚಿಕ್ಕಮ್ಮನ ಮೂಲಕ ಅಲ್ಲಿನ ಅಪಾರ್ಟ್‌ಮೆಂಟ್ ಸೊಸೈಟಿಗಳ ವಾಟ್ಸಾಪ್ ಗುಂಪುಗಳಿಗೆಲ್ಲ ಸ್ಟ್ಯಾಂಡಿನ ಫೋಟೊ, ಎಚ್ಚರಿಕೆಯ ಮಾತು ಹಾಕಿಸಿದೆ. ಉತ್ತರವಾಗಿ ಕೈಮುಗಿದ ಚಿತ್ರಗಳು ಬಂದವು, ಶುಭೋದಯಗಳು ಬಂದವು, ಅವನು ಬರಲಿಲ್ಲ.

ಆಮೇಲೆ ಪ್ರತಿ ವಾರದ ರಜೆಯ ದಿನ ನಾವಿಬ್ಬರೂ ಕೋಥರೂಡಕ್ಕೆ ಹೋಗತೊಡಗಿದೆವು. ಒಂದೊಂದು ಸೊಸೈಟಿಯ ಗೇಟಿನಲ್ಲೂ ವಾಚ್‌ಮನ್ "ಕಾಯ್ ಪಾಹಿಜೆ?" ಎನ್ನುತ್ತ ಏನು ಬೇಕೆಂದು ಕೇಳುವನು. ಒಬ್ಬ ಹೆಂಗಸು, ಒಬ್ಬ ಮುದುಕ, ನಿಂತ ಕಾರುಗಳ ಕೆಳಗೆ ಬಗ್ಗಿ ನೋಡಬೇಕು ಅಂದರೆ ಯಾರು ಬಿಡುತ್ತಾರೆ? ಕಾಕಾ ತಾಳ್ಮೆಯಿಂದ ಮೊದಲಿನಿಂದ ಎಲ್ಲ ಹೇಳುವರು. ಕೆಲವರು ಬಿಡುವರು. ನನಗೆ ಬೇಸರ ಬಂದು, "ಆ ಜೋಡಿ ಛಲೋದೇ ಇರಬಹುದಲ್ಲ ಕಾಕಾ," ಎಂದರೆ, "ಇರಬಹುದ್ರಿ," ಎನ್ನುತ್ತ ಮುಂದಿನ ಗೇಟಿಗೆ ನಡೆಯುವರು. ಎರಡು ವರ್ಷ ಹೀಗೆ ನಡೆದೆವು.

ಕೊನೆಯ ಸಲ ಅವರು ಅಂಗಡಿಗೆ ಬಂದಾಗ ಬಹಳ ಸೋತಿದ್ದರು. ಎದೆಯ ನೋವೆಂದು ಡಾಕ್ಟರು ಭಾರ ಎತ್ತಬೇಡಿ ಎಂದಿದ್ದರಂತೆ. ಅಂದು ಟೆಂಪೊ ಎತ್ತಿದ್ದು ನಾನು, ಗೆರೆ ಎಳೆದದ್ದು ನಾನು, ಸುತ್ತಿಗೆ ಹಿಡಿದದ್ದು ನಾನು. ಅವರು ಸ್ಟೂಲಿನ ಮೇಲೆ ಕುಳಿತು ಚಹಾ ಕುಡಿದರು. ಗೆರೆ ಅಲ್ಲಾಡಲಿಲ್ಲ. ಆಗ ಚೀಲದಿಂದ ಪಂಚ್ ತೆಗೆದು ನನ್ನ ಕಡೆ ಚಾಚಿದರು. ನಾನು ಕೈ ಹಿಂದೆ ಕಟ್ಟಿಕೊಂಡೆ.

"ಹಿಡಿ ತಂಗಿ," ಎಂದರು. ಅಲ್ಲಿಯವರೆಗೆ ನನ್ನನ್ನು ಅವರು ಹಾಗೆ ಕರೆದಿರಲಿಲ್ಲ. "ನನ್ನಂಗ ವಾಲಿಸಬ್ಯಾಡ. ನಿಂದು ನೆಟ್ಟಗೇ ಇರ್ಲಿ. ಆದ್ರ ಎರಡು ಹೊಡಿ. ನೆಟ್ಟಗಿರೋ ಒಂಟಿ ಚುಕ್ಕಿ ಎಲ್ಲಿ ಕಂಡ್ರೂ ಅದು ಆ ಸಿಗದ ಜೋಡೀನೇ ಅಂತ ಗೊತ್ತಾಗಬೇಕು."

ತಿಂಗಳೊಳಗೆ ಅವರ ಹೆಂಡತಿ, ಕಾಕು, ಫೋನ್ ಮಾಡಿದರು. ನಾನು ಕೊಂಢವಾ ತಲುಪುವಷ್ಟರಲ್ಲಿ ಎಲ್ಲ ಮುಗಿದಿತ್ತು. ಗ್ಯಾರೇಜಿನ ಮುಂದೆ, ಮಡಚಿಟ್ಟ ಅಂಗಿಯ ಕಿಸೆಯಿಂದ ಬೋಲ್ಟ್ ತೆಗೆದು, ಇದು ಏತಕ್ಕೆ ಬರುತ್ತದೋ ನನಗೆ ತಿಳಿಯದವ್ವಾ ಎಂದು ಕಾಕು ನನ್ನ ಕೈಯಲ್ಲಿಟ್ಟರು. ಈಗ ಅದು ನನ್ನ ಗಲ್ಲಾದ ಪಕ್ಕದಲ್ಲಿದೆ. ಹೊಸ ಸೆಟ್ ಬಂದಾಗ ಕಣ್ಣು ಮುಚ್ಚಿ ಅಲ್ಲಾಡಿಸುತ್ತೇನೆ. ಅವರಿಗೆ ತಿಳಿಯುತ್ತಿದ್ದಷ್ಟು ನನಗೆ ತಿಳಿಯುವುದಿಲ್ಲ.

ರಜೆಯ ದಿನ ಈಗ ಒಬ್ಬಳೇ ಹೋಗುತ್ತೇನೆ. ಕಳೆದ ವಾರ ಕೋಥರೂಡದ ಒಂದು ಹಳೆಯ ಸೊಸೈಟಿಯ ಪಾರ್ಕಿಂಗಿನಲ್ಲಿ ಒಂದು ಕಾರಿನ ಮುಂಭಾಗ ಎರಡು ಸ್ಟ್ಯಾಂಡುಗಳ ಮೇಲೆ ನಿಂತಿತ್ತು. ಕೆಳಗಿನಿಂದ ಯಾರದೋ ಎರಡು ಕಾಲು ಹೊರಗೆ ಚಾಚಿದ್ದವು. ನೆಲದ ಮೇಲೆ ಮಂಡಿಯೂರಿ, ಮೊಬೈಲಿನ ಬೆಳಕು ಬಿಟ್ಟೆ. ಒಳಗಾಲಿನ ಮೇಲೆ ಚುಕ್ಕಿ ಇತ್ತು. ಒಂದೇ ಚುಕ್ಕಿ. ಬೆರಳಿನಿಂದ ಧೂಳು ಒರೆಸಿದೆ. ಎಡಕ್ಕೆ ವಾಲಿತ್ತು. ಆ ಕಡೆಯ ಸ್ಟ್ಯಾಂಡನ್ನೂ ನೋಡಿದೆ, ಅದರದೂ ಎಡಕ್ಕೆ.

"ಕೋಣ್ ಆಹೇ?" ಯಾರದು ಎಂದು ಕೇಳಿತು ಕಾರಿನ ಕೆಳಗಿನ ದನಿ.

ಈ ಸ್ಟ್ಯಾಂಡುಗಳನ್ನು ಮಾರುವವಳು, ಸರಿಯಿದೆಯೇ ಎಂದು ನೋಡಲು ಬಂದಿದ್ದೆ ಎಂದು ಮರಾಠಿಯಲ್ಲಿ ಹೇಳಿದೆ.

"ಠೀಕ್ ಆಹೇ ನಾ?"

ಆ ಚುಕ್ಕಿಯ ಮೇಲಿಂದ ಬೆರಳು ತೆಗೆಯಲು ನನಗೆ ಸ್ವಲ್ಪ ಹೊತ್ತು ಹಿಡಿಯಿತು. ಸರಿಯಿದೆ, ಏಳಬೇಡಿ, ನಿಶ್ಚಿಂತೆಯಿಂದ ಕೆಲಸ ಮಾಡಿ ಎಂದೆ. ಎದ್ದು ಮಂಡಿಯ ಧೂಳು ಕೊಡವಿಕೊಂಡು, ಕಣ್ಣು ಒರೆಸಿಕೊಂಡು, ಪಕ್ಕದ ಸೊಸೈಟಿಯ ಗೇಟಿನ ಕಡೆ ನಡೆದೆ.