ನಮ್ಮವ್ವನ ಖಾಲಿ ಕೊಡ

ಕಂಡವರ ಹೊಲದಲ್ಲಿ ಕಳೆ ಕಿತ್ತು ನಮ್ಮನ್ನು ಸಾಕಿದ ನಮ್ಮವ್ವ ಸೋನಾಬಾಯಿಗೆ ಅಕ್ಷರ ಗೊತ್ತಿರಲಿಲ್ಲ, ಹೆದರಿಕೆಯೂ ಗೊತ್ತಿರಲಿಲ್ಲ.

ಅರವತ್ತೆರಡನೆಯ ಇಸವಿಯಲ್ಲಿ ಬಬಲೇಶ್ವರಕ್ಕೆ ಹೋಗುವ ರಸ್ತೆಯನ್ನು ಅಗಲ ಮಾಡುವಾಗ ನಮ್ಮ ಕೇರಿಯ ಬಾವಿಯನ್ನು ಮುಚ್ಚಿದರು. ಊರ ಬಾವಿಯನ್ನು ನಾವು ಮುಟ್ಟುವಂತಿರಲಿಲ್ಲ. ಯಾರಾದರೂ ಮರುಕಪಟ್ಟು ಸೇದಿ ಹಾಕುವವರೆಗೆ ನಮ್ಮ ಹೆಂಗಸರು ಬಿಸಿಲಲ್ಲಿ ಕಾಯಬೇಕಿತ್ತು. ಮುಚ್ಚಿದ ಬಾವಿಗೆಂದು ಸರಕಾರ ಕೊಟ್ಟ ಪರಿಹಾರದ ದುಡ್ಡು ಪಂಚಾಯತಿಯ ಕೈಸೇರಿತು. ಅವರು ಅದರಲ್ಲಿ ಊರಬಾಗಿಲಿಗೆ ಕಲ್ಲಿನ ಕಮಾನು ಕಟ್ಟಿಸಲು ಹೊರಟರು. ಕುಡಿಯಲು ನೀರಿಲ್ಲದವರ ದುಡ್ಡಿನಲ್ಲಿ ಊರಿಗೆ ಶೃಂಗಾರ!

ಕಮಾನಿನ ಗುದ್ದಲಿ ಪೂಜೆಯ ದಿನ ಮುಂಜಾನೆ ಚೇರ್ಮನ್ ಗೊಲ್ಲಾಳಪ್ಪ ತೆಂಗಿನಕಾಯಿ ಹಿಡಿದು ಮನೆಯಿಂದ ಹೊರಬಿದ್ದರೆ, ಎದುರಿಗೆ ಅವ್ವ ಖಾಲಿ ಕೊಡ ಹೊತ್ತು ನಿಂತಿದ್ದಳು. ಅವಳ ಹಿಂದೆ ಕೇರಿಯ ಹನ್ನೊಂದು ಹೆಂಗಸರು, ಹನ್ನೊಂದು ಖಾಲಿ ಕೊಡ. ಶುಭಕಾರ್ಯಕ್ಕೆ ಹೊರಟವನಿಗೆ ಒಂದು ಖಾಲಿ ಕೊಡ ಎದುರಾದರೂ ಹೆಜ್ಜೆ ಮುಂದಿಡುವುದುಂಟೇ?

"ಆಕಡೆ ಸರಿ ಬೇ ಸೋನವ್ವಾ, ಅಪಶಕುನ ಮಾಡ್ತಿಯೇನ?" ಎಂದ.

"ತುಂಬಿದ ಕೊಡಾನ ತರತೇನ್ರಿ ಯಪ್ಪಾ. ನಮ್ಮ ಬಾವಿ ರೊಕ್ಕ ಕಮಾನಿಗೆ ಯಾಕ ಹಾಕಾಕತ್ತೀರಿ, ಅದನ್ನಷ್ಟ ಹೇಳ್ರಿ."

ಗೊಲ್ಲಾಳಪ್ಪ ತೆಂಗಿನಕಾಯಿ ಹಿಡಿದುಕೊಂಡೇ ಒಳಗೆ ಹೋದ. ಮರುದಿನವೂ ಕೊಡಗಳು ಅಲ್ಲೇ ಇದ್ದವು, ಅದರ ಮರುದಿನವೂ. ನಾಲ್ಕನೆಯ ದಿನ ಪಂಚಾಯತಿ ಕೂಡಿ ನಮ್ಮ ಕೇರಿಗೆ ಬಾವಿ ತೋಡಿಸಲು ಒಪ್ಪಿತು.

ಕಮಾನು ಇವತ್ತಿಗೂ ಇಲ್ಲ. ಅದಿಲ್ಲವೆಂದು ಊರಿಗೆ ಬರುವವರು ಯಾರೂ ದಾರಿ ತಪ್ಪಿಲ್ಲ. ಹೊಸ ಬಾವಿಯ ಮೊದಲ ಕೊಡ ಹೊತ್ತ ಅವ್ವ ನೇರವಾಗಿ ಗೊಲ್ಲಾಳಪ್ಪನ ಬಾಗಿಲಿಗೇ ಹೋಗಿ ನಿಂತಳು.

"ಈಗ ಹೊಂಡ್ರಿ ಯಪ್ಪಾ, ಶಕುನ ಚಲೋ ಐತಿ."