ಕೇಳದೆ ಪ್ರಾರ್ಥನೆ ಮಾಡದ ಆಯಿ

ಆಯಿಯ ಎರಡೂ ಮೊಣಕಾಲಿನ ಚರ್ಮ ಕಪ್ಪಗೆ ಜಡ್ಡುಗಟ್ಟಿತ್ತು. ಸೀರೆ ಎತ್ತಿ ಸಿಕ್ಕಿಸಿ ನಳದಿಂದ ನೀರು ತರುವಾಗ ಅದು ಕಾಣುತ್ತಿತ್ತು, ಎತ್ತಿನ ಹೆಗಲಿನ ಹಾಗೆ ಒರಟಾಗಿ, ನಡುನಡುವೆ ಬಿರುಕು ಬಿಟ್ಟು. ನಮ್ಮ ಕ್ರೈಸ್ತ ಸಭೆಯ ಹೆಂಗಸರು ಹೊಸದಾಗಿ ಬಂದ ಸೊಸೆಯಂದಿರಿಗೆ ಅದನ್ನು ತೋರಿಸಿ, "ಎಷ್ಟ್ ವರ್ಷದ ಪ್ರಾರ್ಥನಿ ನೋಡ್ರಿ," ಎನ್ನುತ್ತಿದ್ದರು. ಆಯಿಗೆ ಈ ಹೊಗಳಿಕೆ ಸೇರುತ್ತಿರಲಿಲ್ಲ. "ಪ್ರಾರ್ಥನಿದ್ ಅಲ್ಲವ್ವ ಇದು. ಹುಮನಾಬಾದ್ ದವಾಖಾನ್ಯಾಗ ಫರ್ಶಿ ನೆಲ ಒರಸಿ ಒರಸಿ ಆಗ್ಯಾದ. ಪ್ರಾರ್ಥನಿ ನಾ ಕುಂತೇ ಮಾಡ್ತೀನಿ," ಎಂದು ಸೆರಗು ಕೊಡವಿ ಹೋಗಿಬಿಡುತ್ತಿದ್ದಳು.

ಮಂಠಾಳದಲ್ಲಿ ನಮ್ಮ ಕ್ರೈಸ್ತರ ಮನೆಗಳು ಬೆರಳೆಣಿಕೆಯಷ್ಟು. ತಗಡಿನ ಮಾಡಿನ ಒಂದು ದೇವಾಲಯ, ಅದರ ಮಗ್ಗುಲಲ್ಲಿ ಒಂದು ಕೋಣೆ. ದವಾಖಾನೆಯ ಕೆಲಸ ಬಿಟ್ಟ ಮೇಲೆ ಆಯಿ ಬಂದು ನೆಲೆಸಿದ್ದು ಆ ಕೋಣೆಯಲ್ಲಿ. ನನಗೆ ಅವಳು ರಕ್ತಸಂಬಂಧಿಯಲ್ಲ. ಊರಿಗೆಲ್ಲ ಅವಳು 'ಪ್ರಾರ್ಥನಿ ಆಯಿ'. ಬುದ್ಧನ ಫೋಟೋ ಇದ್ದ ಮನೆಗೂ ಹೋಗುತ್ತಿದ್ದಳು, ಎಲ್ಲಮ್ಮನ ಜಗಲಿ ಇದ್ದ ಮನೆಗೂ ಹೋಗುತ್ತಿದ್ದಳು. ಎಲ್ಲಿ ಕಾಯಿಲೆ, ಜಡ್ಡು ಜಾಪತ್ರೆಯೋ ಅಲ್ಲಿ ಆಯಿ. ಆದರೆ ಹೋದವಳೇ ಕೈಮುಗಿದು ಕಣ್ಣು ಮುಚ್ಚುವ ಪೈಕಿ ಅಲ್ಲ. ಕಸ ಗುಡಿಸುತ್ತಿದ್ದಳು, ಮಕ್ಕಳ ಮೂಗು ಒರೆಸುತ್ತಿದ್ದಳು, ಒಲೆ ಹೊತ್ತಿಸುತ್ತಿದ್ದಳು. ಮನೆಯವರು ಬಾಯಿಬಿಟ್ಟು ಕೇಳಿದರೆ ಮಾತ್ರ ಪ್ರಾರ್ಥನೆ, ಅದೂ ಎರಡೇ ಮಾತು. ಯಾಕೆ ಹೀಗೆ ಎಂದು ನಾನೊಮ್ಮೆ ಕೇಳಿದ್ದಕ್ಕೆ, "ಹಸಿವಿಲ್ಲದಾಂವನ ಬಾಯಾಗ ತುತ್ತು ತುರುಕಿದ್ರ ಕಾರ್ಕೋತಾನ," ಎಂದಿದ್ದಳು.

ನಾನು ಅಂಗನವಾಡಿ ಟೀಚರು. ಗಂಡ ಹುಮನಾಬಾದಿನ ಕಡೆ ಗೌಂಡಿ ಕೆಲಸಕ್ಕೆ, ಮನೆ ಕಟ್ಟಲು, ಹೋಗುತ್ತಾರೆ. ನಮಗೆ ಒಬ್ಬಳೇ ಮಗಳಿದ್ದಳು. ಬಸವಕಲ್ಯಾಣದ ಹೈಸ್ಕೂಲಿಗೆ ಹೋಗುತ್ತಿದ್ದಳು. ನಮ್ಮ ಕಡೆ ಬೆಳಗಿನ ಟಂಟಂ ಆಟೋ ಎಂದರೆ ಗೊತ್ತಲ್ಲ, ಒಳಗೆ ಕೂತವರಿಗಿಂತ ಹೊರಗೆ ಜೋತುಬಿದ್ದವರೇ ಹೆಚ್ಚು. ಅವತ್ತು ಮಗಳು ಹಿಂದಿನ ಹಲಗೆಯ ಮೇಲೆ ಕಾಲು ಇಳಿಬಿಟ್ಟು ಕೂತಿದ್ದಳಂತೆ. ಡ್ರೈವರನ ಒಂದು ಕೈಯಲ್ಲಿ ಮೊಬೈಲು. ಎದುರಿಗೆ ಕಬ್ಬಿನ ಟ್ರ್ಯಾಕ್ಟರು ಬಂತು, ಟಂಟಂ ಉರುಳಿತು. ಉಳಿದವರಿಗೆ ಕೈಕಾಲು ಮುರಿಯಿತು. ನನ್ನ ಮಗಳು ಅಲ್ಲೇ ಹೋದಳು.

ಮಣ್ಣು ಮಾಡಿದ ದಿನದಿಂದ ಮನೆಯಲ್ಲಿ ಸಮಾಧಾನದ ಮಾತುಗಳ ಸಂತೆ. ದೇವರ ಚಿತ್ತ ಎಂದರು. ದೇವರು ತಾನು ಪ್ರೀತಿಸುವವರನ್ನೇ ಪರೀಕ್ಷಿಸುತ್ತಾನೆ ಎಂದರು. ಒಬ್ಬರು ಮಗಳ ಫೋಟೋಗೆ ಬಿಳಿ ರೆಕ್ಕೆ ಹಚ್ಚಿ ಸ್ಟೇಟಸ್ ಇಟ್ಟರು, ಅದನ್ನು ನನಗೂ ಕಳಿಸಿದರು. ಬಸವಕಲ್ಯಾಣದಿಂದ ಬಂದ ಒಬ್ಬಳು ಸಂಬಂಧಿ, ದೇವರಿಗೆ ತನ್ನ ತೋಟಕ್ಕೆ ಒಳ್ಳೆಯ ಹೂವು ಬೇಕಾಗಿತ್ತು ಎಂದು ಶುರು ಮಾಡಿದಳು. ರೊಟ್ಟಿ ಬಡಿಯುತ್ತಿದ್ದ ಆಯಿ ಒಲೆಯ ಮುಂದಿನಿಂದಲೇ, "ಯಾಕವ್ವ, ಸ್ವರ್ಗದಾಗ ಪೋರ್ಯಾರು ಕಡಿಮಿ ಬಿದ್ದಾರೇನು?" ಎಂದಳು. ಆ ಸಂಬಂಧಿ ಚಹಾ ಕುಡಿಯದೆ ಎದ್ದು ಹೋದಳು. ಅಷ್ಟೂ ದಿನ ಆಯಿ ನನ್ನ ಮನೆಯಲ್ಲಿ ಒಂದು ಪ್ರಾರ್ಥನೆಯನ್ನೂ ಮಾಡಲಿಲ್ಲ. ನಾನೂ ಕೇಳಲಿಲ್ಲ. ಮಧ್ಯಾಹ್ನ ನನ್ನ ಪಕ್ಕದಲ್ಲಿ ಚಾಪೆಯ ಮೇಲೆ ಅಡ್ಡಾಗಿ, ಸುಮ್ಮನೆ ನನ್ನ ಬೆನ್ನ ಮೇಲೆ ಕೈ ಇಟ್ಟುಕೊಂಡಿರುತ್ತಿದ್ದಳು.

ಆಮೇಲೆ ಒಂದು ಭಾನುವಾರ ಗಂಡ ಒತ್ತಾಯ ಮಾಡಿ ನನ್ನನ್ನು ದೇವಾಲಯಕ್ಕೆ ಕರೆದುಕೊಂಡು ಹೋದರು. ನಮ್ಮಲ್ಲಿ ಆರಾಧನೆಯ ನಡುವೆ ಸಾಕ್ಷಿ ಹೇಳುವ ಪದ್ಧತಿ ಇದೆ. ಗಂಡಾಂತರದಿಂದ ಪಾರಾದವರು ಎದ್ದು ನಿಂತು, ದೇವರು ತಮ್ಮನ್ನು ಹೇಗೆ ಕಾಪಾಡಿದ ಎಂದು ಎಲ್ಲರ ಮುಂದೆ ಹೇಳುತ್ತಾರೆ. ಕೈಲಾದ ಕಾಣಿಕೆ ತರುತ್ತಾರೆ, ಜೋಳವೋ ಕುಂಬಳಕಾಯಿಯೋ ಕೋಳಿಯೋ. ಆರಾಧನೆ ಮುಗಿದ ಮೇಲೆ ಅದರ ಹರಾಜು. ಅವತ್ತು ಎದ್ದು ನಿಂತವಳು ನಮ್ಮ ಪಕ್ಕದ ಮನೆಯಾಕೆ. ಅವಳ ಮಗಳು, ನನ್ನ ಮಗಳು ಒಂದೇ ಕ್ಲಾಸು, ದಿನಾ ಜೋಡಿಯಾಗಿ ಹೋಗುವವರು. ಅವತ್ತು ಆ ಹುಡುಗಿ ಊಟದ ಡಬ್ಬಿ ಮರೆತು ಮನೆಗೆ ಓಡಿದ್ದಳು, ಟಂಟಂ ತಪ್ಪಿತ್ತು.

ಪಕ್ಕದ ಮನೆಯಾಕೆಯ ಕೈಯಲ್ಲಿ ಕಾಲು ಕಟ್ಟಿದ ಕೆಂಪು ಕೋಳಿ. ಅಳುತ್ತಲೇ ಹೇಳಿದಳು. "ನನ್ನ ಕರ್ತ ನನ್ನ ಮಗಳಿಗಿ ಡಬ್ಬಿ ಮರಿಸ್ದ. ಅವನೇ ಆಕಿ ಕೈ ಹಿಡದು ಹಿಂದಕ ಕರ್ಕೊಂಡ್ ಬಂದ. ನನ್ನ ಮನಿ ಮ್ಯಾಲ ಅವನ ಕಣ್ಣದ."

ಸಭೆ ಎಲ್ಲ ಒಂದೇ ದನಿಯಲ್ಲಿ "ಸ್ತೋತ್ರ" ಎಂದಿತು. ನಾನು ಮುಂದಿನ ಜಮಖಾನೆಯ ಮೇಲೆ ಕೂತಿದ್ದೆ. ಅವಳು ನನ್ನನ್ನು ನೋಯಿಸಲು ಹೇಳಿದವಳಲ್ಲ. ಹುಟ್ಟಿದಾಗಿನಿಂದ ನಾವೆಲ್ಲ ಹೀಗೆಯೇ ಸಾಕ್ಷಿ ಹೇಳಿದವರು, ಹೀಗೆಯೇ ಸ್ತೋತ್ರ ಅಂದವರು. ಜ್ವರ ಬಿಟ್ಟಾಗ, ಹಾವು ಕಚ್ಚದೆ ಹೋದಾಗ, ನಾನೂ ಎದ್ದು ನಿಂತಿದ್ದೇನೆ. ಆದರೆ ಅವತ್ತು ನನಗೆ ಅನಿಸಿದ್ದು ಇಷ್ಟೇ. ಆ ಮನೆಯ ಮೇಲೆ ಅವನ ಕಣ್ಣಿದ್ದರೆ ನನ್ನ ಮನೆಯ ಕಡೆ ಏನಿತ್ತು?

ಆಯಿ ಗೋಡೆ ಹಿಡಿದು ಎದ್ದು ನಿಂತಳು.

"ತಂಗಿ, ನಿನ್ನ ಮಗಳು ಉಳದದ್ದಕ್ಕ ನಾನೂ ಸ್ತೋತ್ರ ಅಂತೀನಿ. ಆದ್ರ ನಿನ್ನ ಮಗಳಿಗಿ ಡಬ್ಬಿ ಮರಿಸಿದ ದೇವರಿಗಿ ಈಕಿ ಮಗಳಿಗಿ ಒಂದ್ ಡಬ್ಬಿ ಮರಸಾಕ ಬರಲಿಲ್ಲೇನು? ಈಕಿ ಇಲ್ಲೇ ಕುಂತಾಳ. ಈಕಿ ಮಾರಿ ನೋಡಿ ಹೇಳು."

ಕೋಳಿಯೊಂದೇ ಕೊಕ್ಕೊಕ್ ಎನ್ನುತ್ತಿತ್ತು. ನಮ್ಮ ಸಭಾಪಾಲಕರು, ನಾವು ಅಯ್ಯನವರು ಎನ್ನುತ್ತೇವೆ, ಇನ್ನೂ ಎಳೆಯ ವಯಸ್ಸಿನವರು. ಮೆಲ್ಲಗೆ, "ಆಯಿ, ದೇವರ ಚಿತ್ತ ನಮಗೆ ತಿಳಿಯೋದಿಲ್ಲ," ಎಂದರು.

"ತಿಳಿಯಂಗಿಲ್ಲಂದ್ರ ಅದು ಅವನ ಚಿತ್ತ ಅಂತರೆ ಹ್ಯಾಂಗ ತಿಳೀತ್ರಿ ಅಯ್ಯಾವ್ರ? ಮಂದಿನ್ ಕುರಿ ತುಂಬಿದಂಗ ತುಂಬಿದ್ದು ಡ್ರೈವರ್ ಚಿತ್ತ. ಫೋನಿನ್ಯಾಗ ಮಾತಾಡಿದ್ದು ಅವನ ಚಿತ್ತ. ಅದನ್ನ ಒಯ್ದು ದೇವರ ತಲಿಗಿ ಕಟ್ಟಬ್ಯಾಡ್ರಿ."

ಅವತ್ತು ಹರಾಜು ಆಗಲಿಲ್ಲ. ಪಕ್ಕದ ಮನೆಯಾಕೆ ಕೋಳಿ ಬಗಲಲ್ಲಿ ಇಟ್ಟುಕೊಂಡು ಬಿಕ್ಕುತ್ತ ಹೋದಳು. ಎಷ್ಟೋ ಮನೆಗಳು ಆಯಿಯನ್ನು ಕರೆಯುವುದು ಬಿಟ್ಟವು. ಮುದುಕಿಗೆ ಅರಳುಮರಳು, ಸಾಕ್ಷಿಗೇ ಅಡ್ಡ ಬಂದಳು ಎಂದು ಮಾತಾಡಿಕೊಂಡರು. ಅಯ್ಯನವರು ಮಾತ್ರ ಕೋಪಿಸಿಕೊಳ್ಳಲಿಲ್ಲ. ಕೆಲವು ದಿನಗಳ ಮೇಲೆ ನಮ್ಮ ಮನೆಗೆ ಬಂದು ಹೇಳಿದರು, "ಸಾವಾದ ಮನಿಗೆ ಹೋದ್ರ ಎಲ್ಲಾರೂ ನನ್ನ ಮಾರಿ ನೋಡತಾರ್ರಿ ಟೀಚರ್. ಏನರೆ ಹೇಳಬೇಕಾಗ್ತದ. ಅದಕ್ಕ ಹೇಳತೀನಿ." ನನಗೆ ಅವರ ಮೇಲೆ ಕನಿಕರವೇ ಬಂತು.

ಸಿಟ್ಟು ಬಂದದ್ದು ಆಯಿಯ ಮೇಲೆ. ದೇವರ ಚಿತ್ತ ಎಂಬ ಮಾತು ಮುಳ್ಳಿನದಾದರೂ ಹಿಡಿದುಕೊಳ್ಳಲು ಒಂದು ಕೋಲಾಗಿತ್ತು. ಅದನ್ನೂ ಕಿತ್ತುಕೊಂಡಳಲ್ಲ ಈ ಮುದುಕಿ. ಹಾಗಾದರೆ ನನ್ನ ಮಗಳು ಯಾವ ಅರ್ಥವೂ ಇಲ್ಲದೆ, ಒಬ್ಬನ ಮೊಬೈಲ್ ಹರಟೆಗೆ ಸತ್ತಳೇ? ನೆಟ್ಟಗೆ ಅವಳ ಕೋಣೆಗೆ ಹೋಗಿ ಕೇಳಿದೆ. "ಅವನ ಚಿತ್ತ ಅಲ್ಲಂದ್ರ, ಅವಂಗ ತಪ್ಪಿಸೋ ಶಕ್ತಿ ಇತ್ತಲ್ಲ? ಯಾಕ ತಪ್ಪಿಸಲಿಲ್ಲ?"

ಆಯಿ ಅಕ್ಕಿ ಆರಿಸುತ್ತಿದ್ದಳು. ಮೊರ ಕೆಳಗಿಟ್ಟು, "ಗೊತ್ತಿಲ್ಲವ್ವ," ಎಂದಳು.

ಆಗ ಹೇಳಿದಳು ತನ್ನದನ್ನು. ಅವಳಿಗೂ ಒಬ್ಬ ಮಗಳಿದ್ದಳು. ಕೊಡಂಬಲದ ಕಡೆ ಕೊಟ್ಟಿದ್ದರು. ಅತ್ತೆಮನೆಯವರು ಸೀಮೆಎಣ್ಣೆ ಸುರಿದು ಬೆಂಕಿ ಹಚ್ಚಿದರು. ತಂದು ಮಲಗಿಸಿದ್ದು ಆಯಿ ಫರ್ಶಿ ಒರೆಸುತ್ತಿದ್ದ ದವಾಖಾನೆಯಲ್ಲೇ. ಬಾಳೆಎಲೆಯ ಮೇಲೆ ಮಲಗಿದ್ದ ಮಗಳು ನೀರು ನೀರು ಎನ್ನುತ್ತ ಹೋದಳು. ಸುಟ್ಟವರು ಸ್ಟೋ ಸಿಡಿಯಿತು ಎಂದು ಹೇಳಿಕೆ ಕೊಟ್ಟು ಉಳಿದುಕೊಂಡರು.

"ನನಗೂ ದೇವರ ಪರೀಕ್ಷಾ ಅಂದ್ರು. ಎಣ್ಣಿ ಸುರದ ಕೈ ದೇವರದ್ ಅಲ್ಲ, ಅಷ್ಟ್ ನನಗ ಖರೆ ಗೊತ್ತದ. ಆ ಕೈ ಯಾಕ ಹಿಡೀಲಿಲ್ಲ ಅಂತ ಅವತ್ತಿಂದ ಕೇಳಾಕತ್ತೀನಿ. ಇನ್ನಾ ಹೇಳಿಲ್ಲ."

"ಹೇಳದಾಂವನ ಹತ್ರ ಯಾಕ ಹೋಗತಿ ಆಯಿ?"

"ಮತ್ತ ಯಾರಿಗಿ ಕೇಳ್ಲಿ? ಗ್ವಾಡಿಗಿ ಕೇಳ್ಲ್ಯಾ? ಅವನ ಮಗನೂ ಶಿಲುಬಿ ಮ್ಯಾಲ ಯಾಕ ನನ್ನ ಕೈ ಬಿಟ್ಟಿ ಅಂತ ಚೀರಿ ಕೇಳ್ದ. ಜವಾಬು ಬಂತೇನು? ಬರಲಿಲ್ಲ. ಅಂಥಾ ಮಗಂಗೇ ಕೊಡದ ಜವಾಬು ನನಗ ಫಟ್ ಅಂತ ಕೊಡತಾನಂದ್ರ ನಾ ನಂಬಂಗಿಲ್ಲ. ಆದ್ರ ಒಂದದ. ಮಗ ಸತ್ತದ್ದ್ ಕಂಡಾಂವ ಅವ. ಮ್ಯಾಲ ಕುಂತು ತಮಾಷಾ ನೋಡಾವ ಅಲ್ಲ. ನನ್ನ ಜೋಡಿ ಕುಂತು ಅಳತಾನ ಅಂತ ತಿಳ್ಕೊಂಡೀನಿ. ಅಷ್ಟರ ಮ್ಯಾಲೇ ದಿನಾ ಎದ್ದು ಮಾರಿ ತೊಳಕೋತೀನಿ."

ನನಗೆ ಅದು ಸಾಲಲಿಲ್ಲ. ಸಾಲಲಿಲ್ಲ ಎಂದೇ ಹೇಳಿದೆ. "ನನಗೂ ಸಾಲಂಗಿಲ್ಲವ್ವ," ಎಂದು ಆಯಿ ಮತ್ತೆ ಮೊರ ಎತ್ತಿಕೊಂಡಳು.

ಪಕ್ಕದ ಮನೆಯ ಹುಡುಗಿ ಶಾಲೆ ಬಿಟ್ಟಿದ್ದಳು. ನಾನು ಬಾಗಿಲಿಗೆ ಬಂದರೆ ಒಳಗೆ ಓಡುತ್ತಿದ್ದಳು. ನನ್ನ ಮೇಲಿನ ಭಯವೆಂದುಕೊಂಡಿದ್ದೆ. ಒಂದು ಸಂಜೆ ಆಯಿ ಅವಳ ರಟ್ಟೆ ಹಿಡಿದು ನಮ್ಮ ಮನೆಗೆ ಕರೆತಂದಳು. ಹಿಂದೆ ಅವಳ ತಾಯಿಯೂ ಬಂದು ಹೊಸ್ತಿಲ ಹೊರಗೇ ನಿಂತಳು.

"ಈ ಪೋರಿ ಉಣ್ಣಾಕತ್ತಿಲ್ಲ. ದೇವರು ತನ್ನ ಉಳಸಾಕ ಗೆಳತಿನ ಕೊಂದ ಅಂತ ತಲ್ಯಾಗ ಹೊಕ್ಕದ. ಡಬ್ಬಿ ಮುಟ್ಟಾಕ ಅಂಜತದ. ನಾ ಹೇಳಿದ್ರ ಕೇಳಂಗಿಲ್ಲ, ಇಕಿ ಅವ್ವ ಹೇಳಿದ್ರೂ ಕೇಳಂಗಿಲ್ಲ. ನೀ ಹೇಳಬೇಕು."

ಏನು ಹೇಳಬೇಕು ನಾನು? ಆ ಹುಡುಗಿಯ ಮುಖ ನೋಡಿದರೆ ನನಗೆ ಹೊಟ್ಟೆ ಉರಿಯುತ್ತಿತ್ತು, ಅದು ಸುಳ್ಳಲ್ಲ. ಆದರೆ ಅವಳ ಕೊರಳಿನ ಎಲುಬುಗಳು ಎದ್ದು ಕಾಣುತ್ತಿದ್ದವು. ಕೂಡಿಸಿಕೊಂಡು, "ನೀ ಡಬ್ಬಿ ಮರತದ್ದು ನೀನೇ ಮರತದ್ದವ್ವ. ನೀ ದಿನಾ ಒಂದ್ ಮರೀತಿದ್ದಿ, ನನ್ನ ಮಗಳು ಬೈತಿದ್ದಳು," ಎಂದೆ. ಹುಡುಗಿ ನನ್ನ ತೊಡೆಯ ಮೇಲೆ ಬಿದ್ದು ಅತ್ತಳು. ಮಗಳು ಹೋದ ಮೇಲೆ ನಾನೂ ಮೊದಲ ಸಲ ದನಿ ತೆಗೆದು ಅತ್ತೆ. ಅವಳ ತಾಯಿ ಒಳಗೆ ಬಂದು ಕೂತಳು. ಅವತ್ತು ನಾಲ್ವರೂ ಅನ್ನ ಸಾರು ಉಂಡೆವು.

ಹೋದ ವರ್ಷ ಆಯಿಯ ಹೊಟ್ಟೆಯಲ್ಲಿ ಗಡ್ಡೆ ಬೆಳೆಯಿತು. ಹುಮನಾಬಾದಿಗೆ ಒಯ್ದೆವು, ಬೀದರಿಗೆ ಒಯ್ದೆವು, ಮನೆಗೇ ಕರೆದುಕೊಂಡು ಹೋಗಿ ಎಂದರು. ನೋವು ಅವಳನ್ನು ಒಂದಿಷ್ಟೂ ಬಿಡಲಿಲ್ಲ. ಊರಿಗೆಲ್ಲ ಗಂಜಿ ಕಾಸಿ ಕೊಟ್ಟವಳಿಗೆ ಒಂದು ಚಮಚ ಗಂಜಿ ಇಳಿಯುತ್ತಿರಲಿಲ್ಲ. ಇಷ್ಟು ನೋವು ತಿಂದರೆ ಆತ್ಮ ಶುದ್ಧವಾಗುತ್ತದೆ ಎಂದು ಯಾರೋ ಹೇಳಿದ್ದಕ್ಕೆ, "ಹಂಗಿದ್ರ ನೀ ತಗೋ ಅರ್ಧ," ಎಂದಳು. ಅಯ್ಯನವರು ಬಂದು ಕೈ ಹಿಡಿದು ಕೂತರು, ಈ ಸಲ ಏನೂ ಹೇಳಲಿಲ್ಲ, ಹೊರಗೆ ಹೋಗಿ ಗೋಡೆಗೆ ಮುಖ ಮಾಡಿ ಅತ್ತರು. ಆಯಿಗೆ ಇಂಥ ಸಾವು ಬರಬಾರದಿತ್ತು. ಇದನ್ನು ನಾನು ಯಾರ ಮುಂದೆ ಬೇಕಾದರೂ ಹೇಳುತ್ತೇನೆ.

ಒಂದು ಮಧ್ಯಾಹ್ನ ನಾನೊಬ್ಬಳೇ ಇದ್ದೆ. ನೋವಿನಲ್ಲಿ ಬಿಲ್ಲಾಗಿ ಬಾಗಿದ್ದ ಆಯಿ ನನ್ನ ಸೆರಗು ಹಿಡಿದು, "ಪ್ರಾರ್ಥನಿ ಮಾಡು," ಎಂದಳು.

"ನಂಗ ಬರಂಗಿಲ್ಲ ಆಯಿ. ಆಕಿ ಹೋದಾಗಿಂದ ನಾ ಅವನ ಕೂಡ ಮಾತೇ ಆಡಿಲ್ಲ."

"ಸಿಟ್ಟದ ಏನು?"

"ಅದ."

"ಅದನ್ನೇ ಹೇಳು. ಇಷ್ಟ್ ದಿನ ನನ್ನ ಮುಂದ ಹೇಳಿದಿ, ನಾ ಏನ್ ಮಾಡ್ಲಿ? ಅವನ ಮುಂದ ಹೇಳು. ಹುಸಿ ಮಾತ್ರ ಹೇಳಬ್ಯಾಡ."

ಅವಳ ಕೈ ಹಿಡಿದು ಕಣ್ಣು ಮುಚ್ಚಿದೆ. ಎಲ್ಲಿದ್ದಿ ನೀ ಅವತ್ತು ಎಂದು ಕೇಳಿದೆ. ನನ್ನ ಮಗಳು ಬೆಳಿಗ್ಗೆ ನಿನ್ನ ಹೆಸರು ಹೇಳಿಯೇ ಹೊಸ್ತಿಲು ದಾಟಿದ್ದಳು, ಕೇಳಿಸಲಿಲ್ಲವೇ ಎಂದೆ. ಇವಳ ಮಗಳನ್ನು ಸುಡುವಾಗ ಎಲ್ಲಿ ನೋಡುತ್ತಿದ್ದಿ ಎಂದೆ. ಜನ್ಮವೆಲ್ಲ ನಿನ್ನ ಹಿಂದೆ ತಿರುಗಿದ ಮುದುಕಿಗೆ ಒಂದು ಹೊತ್ತಿನ ನಿದ್ದೆ ಕೊಡಲು ನಿನಗೇನು ಕಷ್ಟ ಎಂದೆ. ಸಂತೆಯಲ್ಲಿ ಕೂಡ ಯಾರನ್ನೂ ಹಾಗೆ ಬೈದವಳಲ್ಲ ನಾನು. ಬೈಯುತ್ತ ಬೈಯುತ್ತ, ಇವಳನ್ನು ಬಿಟ್ಟು ಹೋಗಬೇಡ, ಇವಳ ಹತ್ತಿರ ಇರು ಎಂದು ಬೇಡುತ್ತಿದ್ದೆ. ಅದು ಯಾವಾಗ ಬಾಯಿಗೆ ಬಂತೋ ನನಗೇ ಗೊತ್ತಾಗಲಿಲ್ಲ.

ಮಾತು ಮುಗಿಯಿತು. ಆಯಿ ಹಲ್ಲು ಕಚ್ಚಿ, ಉಸಿರು ಎಳೆದುಕೊಂಡು, ಸಭೆಯಲ್ಲಿ ಹೇಳುವ ಹಾಗೆ ಸ್ಪಷ್ಟವಾಗಿ, "ಆಮೆನ್," ಎಂದಳು.

ಮರುದಿನ ಬೆಳಿಗ್ಗೆ ಆಯಿ ತೀರಿಕೊಂಡಳು. ನನ್ನ ಜಗಳ ಇನ್ನೂ ಮುಗಿದಿಲ್ಲ. ಭಾನುವಾರ ಬಂದರೆ ದೇವಾಲಯಕ್ಕೆ ಹೋಗಿ, ಅವನ ಮುಂದೆ ಕೂತೇ ಜಗಳಾಡುತ್ತೇನೆ.