ನರಳದ ತಗಡು
ರಾಕೆಟ್ ಕಾರ್ಖಾನೆಗೆ ಲೋಹ ಆರಿಸುವವರಿಗೆ ಅಲ್ಲಿನವರು ಇಟ್ಟ ಹೆಸರು ಸಾಕಪ್ಪ. ದುಬಾರಿಯದೇನು ಕಂಡರೂ ‘ಅಗ್ಗದ್ದೇ ಸಾಕಪ್ಪ’ ಎನ್ನುವುದು ಅವರ ರೂಢಿ. ಸವೆದ ಸೋಪನ್ನು ಹೊಸ ಸೋಪಿನ ಬೆನ್ನಿಗೆ ಅಂಟಿಸುತ್ತಾರೆ, ಹರಿದ ಚಪ್ಪಲಿಗೆ ಶಾಖ ತಡೆಯುವ ಹಾಳೆಯ ಚೂರು ಹೊಲಿಸುತ್ತಾರೆ. ಕಾರ್ಬನ್ ನಾರು ಮಾರಲು ಬಂದವರನ್ನು, ‘ನಿಮ್ಮ ಮಾಲು ಹಗುರ, ಬೆಲೆ ಭಾರ ಕಣ್ರೀ’ ಎಂದು ಟೀ ಕುಡಿಸಿ ಕಳಿಸುತ್ತಾರೆ. ಅಗ್ಗದ ಉಕ್ಕಿನ ತಗಡು ಬಂದಾಗ ಮಾತ್ರ ಅವರ ನಗು ನಿಲ್ಲುತ್ತದೆ. ಅದನ್ನು ಕಡುಶೀತದ ದ್ರವದಲ್ಲಿ ಅದ್ದಿಸಿ, ಬಾಗಿಲು ಮುಚ್ಚಿಸಿ ಆಲಿಸುತ್ತಾರೆ. ತಣ್ಣಗಾಗುವಾಗ ಲೋಹ ನರಳುತ್ತದೆ; ಒಂದೊಂದು ತಗಡು ಮಾತ್ರ, ಪಕ್ಕದ ಕೋಣೆಯಿಂದ ಯಾರೋ ಕರೆದ ಹಾಗೆ. ‘ಇದು ಹೆಸರು ಕೂಗ್ತಿದೆ, ವಾಪಸ್ ಕಳಿಸ್ರಿ’ ಎನ್ನುತ್ತಾರೆ. ಯಾರ ಹೆಸರೆಂದು ಯಾರೂ ಕೇಳುವುದಿಲ್ಲ. ಈ ಸಲದ ರಾಕೆಟ್ಟಿನಲ್ಲಿ ಕೂರುವವಳು ಅವರ ಸ್ವಂತ ಮಗಳು. ಅದಕ್ಕೆಂದು ಬಂದ ತಗಡು ಎಲ್ಲಕ್ಕಿಂತ ಅಗ್ಗ, ಎಲ್ಲಕ್ಕಿಂತ ಗಟ್ಟಿ. ದ್ರವದಲ್ಲಿ ಮುಳುಗಿಯೂ ಒಂದಿಷ್ಟೂ ಸದ್ದು ಮಾಡಲಿಲ್ಲ. ‘ಇನ್ನೇನ್ ಸಾರ್, ಚಿನ್ನದಂಥ ಮಾಲು!’ ಎಂದು ಸಹಾಯಕ ಕೈ ಉಜ್ಜಿಕೊಂಡ. ಸಾಕಪ್ಪ ತಗಡಿನತ್ತ ಕಿವಿಯೊಡ್ಡಿ ಬಗ್ಗಿಯೇ ನಿಂತರು. ನೋಡಲು ಬಂದಿದ್ದ ಮಗಳು ಏನೋ ಹೇಳಲು ಹೊರಟಾಗ ಸರಕ್ಕನೆ ತಿರುಗಿ ಅವಳ ಬಾಯಿಗೆ ಅಂಗೈ ಒತ್ತಿದರು. ‘ಮಾತಾಡ್ಬೇಡ ಕಂದಾ,’ ಎಂದರು ಪಿಸುದನಿಯಲ್ಲಿ, ‘ಅದು ಕೇಳಿಸ್ಕೊಳ್ತಾ ಇದೆ.’